ಕುಲಪತಿಯ ಕಾರ್ಯವೂ ಅರ್ಹತೆಯೂ: ಒಂದು ವಿಮರ್ಶೆ

೧

ವಿಶ್ವವಿದ್ಯಾನಿಲಯವೊಂದರ ವಿದ್ಯಾಜೀವನಕ್ಕೆ ಹೊಣೆಯಾದ ಅಧಿಕಾರಿಯ ಕಾರ್ಯವೇನು, ಅವರಲ್ಲಿ ಇರಬೇಕಾದ ಯೋಗ್ಯತೆಗಳೇನು ಎಂಬ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ೧೯೧೭-೧೯ರ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗ, ೧೯೪೮-೪೯ರ ರಾಧಾಕೃಷ್ಣನ್ ಆಯೋಗ, ೧೯೬೪-೬೬ರ ಕೊಠಾರಿ ಆಯೋಗ, ಈ ಮೂರೂ ಅದನ್ನು ಎತ್ತಿಕೊಂಡು ಚರ್ಚಿಸಿವೆ. ಆದರೆ ೨೦೧೦ರಿಂದೀಚೆಗೆ ಪ್ರಶ್ನೆಯ ಸ್ವರೂಪವೇ ಮಾರ್ಪಟ್ಟಿದೆ. ಹಿಂದೆ ಆಯೋಗಗಳ ವರದಿಗಳಲ್ಲಿ ಅಭಿಪ್ರಾಯವಾಗಿದ್ದ ಮಾತುಗಳು ಈಗ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳಾಗಿ, ನ್ಯಾಯಾಲಯಗಳಲ್ಲಿ ವಾದವಿವಾದಗಳಿಗೆ ವಿಷಯವಾಗಿವೆ. ಎಂಥವರು ಕುಲಪತಿಗಳಾಗಬೇಕು ಎಂದು ಕೇಳುತ್ತಿದ್ದವರು, ಎಷ್ಟು ವರ್ಷ ಯಾವ ಹುದ್ದೆಯಲ್ಲಿದ್ದವರು ಕುಲಪತಿಗಳಾಗಬಹುದು ಎಂದು ಕೇಳತೊಡಗಿದ್ದಾರೆ. ಈ ಎರಡು ಪ್ರಶ್ನೆಗಳೂ ಒಂದೇ ಎಂದು ಭಾವಿಸುವುದು ಸಲ್ಲದೆಂಬುದೇ ಪ್ರಕೃತ ಲೇಖನದ ವಾದ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಮುಖ್ಯವಾಗಿ ಇತಿಹಾಸದ ಸಾಕ್ಷ್ಯಗಳಿಂದಲೇ ಪರಿಶೀಲಿಸಲು ಬಯಸುತ್ತೇವೆ.

ಮೊದಲು ಹೆಸರಿನ ವಿಚಾರ. ಕನ್ನಡನಾಡಿನಲ್ಲಿ ಈ ಅಧಿಕಾರಿಯನ್ನು ಬಹುಕಾಲ 'ಉಪಕುಲಪತಿ' ಎಂದು ಕರೆಯುತ್ತಿದ್ದರು. 'ಕುಲಪತಿ' ಎಂಬ ಹೆಸರು ಮೇಲಿನ ಸ್ಥಾನದಲ್ಲಿದ್ದ ಮಹಾರಾಜರಿಗೆ, ಆಮೇಲೆ ರಾಜ್ಯಪಾಲರಿಗೆ ಸಲ್ಲುತ್ತಿತ್ತು. ಈಗ ರಾಜ್ಯಪಾಲರು 'ಕುಲಾಧಿಪತಿ'ಗಳೆಂದೂ, ಹಿಂದಿನ ಉಪಕುಲಪತಿಗಳು 'ಕುಲಪತಿ'ಗಳೆಂದೂ ಕರೆಸಿಕೊಳ್ಳುತ್ತಾರೆ. ಮಹಾಭಾರತದ ಆರಂಭದಲ್ಲಿ ನೈಮಿಷಾರಣ್ಯದ ಶೌನಕರಿಗೆ ಕುಲಪತಿ ಎಂಬ ವಿಶೇಷಣವುಂಟು. ಹತ್ತು ಸಾವಿರ ಮಂದಿಗೆ ಅನ್ನಪಾನಗಳನ್ನಿತ್ತು ಪೋಷಿಸಿ ವಿದ್ಯೆಯನ್ನು ಹೇಳಿಕೊಡುವ ಋಷಿಯೇ ಕುಲಪತಿ ಎಂಬ ಲಕ್ಷಣವಾಕ್ಯವೂ ಸಂಸ್ಕೃತದಲ್ಲಿ ಪ್ರಸಿದ್ಧವಾಗಿದೆ. ಈ ಲಕ್ಷಣದಲ್ಲಿ ಎರಡು ಕ್ರಿಯೆಗಳು ಸೇರಿರುವುದನ್ನು ಗಮನಿಸಬೇಕು: ಒಂದು ಪೋಷಣೆ, ಇನ್ನೊಂದು ಅಧ್ಯಾಪನ. ಇಂದಿನ ಕಾನೂನುಗಳೂ ಕುಲಪತಿಯನ್ನು ವಿಶ್ವವಿದ್ಯಾನಿಲಯದ ಪ್ರಧಾನ ವಿದ್ಯಾಧಿಕಾರಿಯೆಂದೂ ಪ್ರಧಾನ ಕಾರ್ಯನಿರ್ವಾಹಕ ಅಧಿಕಾರಿಯೆಂದೂ ಒಂದೇ ಉಸಿರಿನಲ್ಲಿ ವರ್ಣಿಸುತ್ತವೆ. ಹೆಸರು ಹಿರಿದಾಯಿತು, ಆದರೆ ಹೆಸರಿನೊಳಗಿನ ಎರಡು ಕಾರ್ಯಗಳಲ್ಲಿ ಯಾವುದು ಉಳಿಯಿತು, ಯಾವುದು ಸೊರಗಿತು ಎಂಬುದನ್ನು ಮುಂದೆ ವಿಚಾರಿಸೋಣ.

೨

ಈಗ ನಿಯಮಗಳ ಕಡೆಗೆ ಬರೋಣ. ಧನಸಹಾಯ ಆಯೋಗದ ೨೦೧೦ರ ನಿಯಮಗಳೂ ಅವುಗಳ ಸ್ಥಾನದಲ್ಲಿ ಬಂದ ೨೦೧೮ರ ನಿಯಮಗಳೂ ಕುಲಪತಿಯಾಗುವವರಲ್ಲಿ ಉನ್ನತ ಮಟ್ಟದ ಸಾಮರ್ಥ್ಯ, ಪ್ರಾಮಾಣಿಕತೆ, ನೀತಿನಿಷ್ಠೆ, ಸಂಸ್ಥಾನಿಷ್ಠೆ ಇವುಗಳಿರಬೇಕೆಂದು ಹೇಳಿ, ಅವರು ವಿಶ್ವವಿದ್ಯಾನಿಲಯದಲ್ಲಿ ಕನಿಷ್ಠ ಹತ್ತು ವರ್ಷ ಪ್ರಾಧ್ಯಾಪಕರಾಗಿದ್ದ, ಇಲ್ಲವೆ ಹೆಸರಾಂತ ಸಂಶೋಧನ ಅಥವಾ ವಿದ್ಯಾ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ಕಾಲದ ಅನುಭವವುಳ್ಳ ಗಣ್ಯ ವಿದ್ವಾಂಸರಾಗಿರಬೇಕೆಂದು ವಿಧಿಸಿದುವು. ಶೋಧನಾ ಸಮಿತಿಯು ಮೂರರಿಂದ ಐದು ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕೆಂಬುದೂ ೨೦೧೮ರ ನಿಯಮದಲ್ಲಿದೆ. ೨೦೨೫ರ ಜನವರಿಯಲ್ಲಿ ಪ್ರಕಟವಾದ ಕರಡು ನಿಯಮವು ಈ ಬಾಗಿಲನ್ನು ಇನ್ನೂ ಅಗಲಗೊಳಿಸಿತು. ಕೈಗಾರಿಕೆ, ಸಾರ್ವಜನಿಕ ಆಡಳಿತ, ಸಾರ್ವಜನಿಕ ನೀತಿ, ಸರ್ಕಾರಿ ಉದ್ಯಮಗಳು ಈ ಕ್ಷೇತ್ರಗಳ ಹಿರಿಯ ಸ್ಥಾನಗಳಲ್ಲಿ ಹತ್ತು ವರ್ಷ ದುಡಿದವರೂ, ವಿದ್ವತ್ತಿಗೆ ಗಣನೀಯ ಕೊಡುಗೆ ಸಲ್ಲಿಸಿದ್ದ ಪಕ್ಷದಲ್ಲಿ, ಅರ್ಹರೆಂದು ಆ ಕರಡು ಸೂಚಿಸಿತು.

ಈ ಕರಡನ್ನು ಕುರಿತು ಎದ್ದ ಚರ್ಚೆಯಲ್ಲಿ ಎರಡು ಪಕ್ಷಗಳು ಸ್ಪಷ್ಟವಾಗಿ ಕಾಣುತ್ತವೆ. ವಿಶ್ವವಿದ್ಯಾನಿಲಯವನ್ನು ಅರಿಯದವರ ಕೈಗೆ ಅದನ್ನು ಒಪ್ಪಿಸುವುದೆಂದರೇನು ಎಂಬುದು ಒಂದು ಪಕ್ಷ. ಹಿಂದಿನ ಕಾಲದ ಮಹಾ ಕುಲಪತಿಗಳಲ್ಲಿ ಅನೇಕರು ಪ್ರಾಧ್ಯಾಪಕರೇ ಆಗಿರಲಿಲ್ಲವಲ್ಲ ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವುಂಟು. ಆದರೆ ಎರಡೂ ಒಂದು ವಿಷಯವನ್ನು ಪರೀಕ್ಷಿಸದೆಯೇ ಒಪ್ಪಿಕೊಂಡಿವೆ. ಅದೆಂದರೆ, ಒಬ್ಬರು ಹಿಂದೆ ಹಿಡಿದಿದ್ದ ಹುದ್ದೆಯಿಂದ ಅವರು ಮುಂದೆ ಹಿಡಿಯಲಿರುವ ಹುದ್ದೆಯ ಯೋಗ್ಯತೆಯನ್ನು ಅಳೆಯಬಹುದೆಂಬ ನಂಬಿಕೆ. ಹತ್ತು ವರ್ಷದ ಪ್ರಾಧ್ಯಾಪಕತ್ವವೂ ಹುದ್ದೆಯ ಅಳತೆಯೇ. ಕೈಗಾರಿಕೆಯಲ್ಲಿನ ಹತ್ತು ವರ್ಷದ ಹಿರಿತನವೂ ಹುದ್ದೆಯ ಅಳತೆಯೇ. ಕೋಲು ಬದಲಾಯಿತೇ ಹೊರತು ಅಳೆಯುವ ರೀತಿ ಬದಲಾಗಲಿಲ್ಲ.

ಹತ್ತು ವರ್ಷಗಳ ನಿಯಮದಿಂದ ಉಪಕಾರವೇ ಆಗಿಲ್ಲವೆಂದು ನಾವು ಹೇಳುತ್ತಿಲ್ಲ. ಕೇವಲ ಪಕ್ಷಪಾತದ ಮೇಲೆ ನಡೆಯಬಹುದಾದ ನೇಮಕಗಳಿಗೆ ಅದೊಂದು ತಡೆ. ೨೦೨೨ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾನಿಲಯದ ಕುಲಪತಿಯ ನೇಮಕವನ್ನು ರದ್ದುಪಡಿಸಿದಾಗ ಧನಸಹಾಯ ಆಯೋಗದ ನಿಯಮಗಳೇ ಆಧಾರವಾದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇರಳದ ಎ. ಪಿ. ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾನಿಲಯದ ನೇಮಕವೂ, ಸಮಿತಿಯು ಒಂದೇ ಹೆಸರನ್ನು ಕಳುಹಿಸಿತ್ತೆಂಬ ಕಾರಣದಿಂದ, ಅಸಿಂಧುವಾಯಿತು. ಕನಿಷ್ಠ ಮಿತಿಯೊಂದು ಇರುವುದು ಒಳ್ಳೆಯದೇ. ಆದರೆ ಹೊಸ್ತಿಲನ್ನು ದಾಟಿದವರೆಲ್ಲರೂ ಮನೆಯ ಯಜಮಾನಿಕೆಗೆ ಯೋಗ್ಯರಾಗುವುದಿಲ್ಲ. ಹತ್ತು ವರ್ಷ ತುಂಬಿದ ಪ್ರಾಧ್ಯಾಪಕರು ನಾಡಿನಲ್ಲಿ ಸಾವಿರಾರು ಮಂದಿ ಇದ್ದಾರೆ; ಅವರಲ್ಲಿ ಯಾರನ್ನು, ಏಕೆ ಆರಿಸಬೇಕೆಂಬ ಮುಖ್ಯ ಪ್ರಶ್ನೆಗೆ ನಿಯಮವು ಉತ್ತರ ಕೊಡುವುದಿಲ್ಲ. ಸಾಮರ್ಥ್ಯ, ಪ್ರಾಮಾಣಿಕತೆ ಮೊದಲಾದ ಗುಣವಾಚಕಗಳು ಅಲ್ಲಿವೆ, ನಿಜ. ಆದರೆ ಅವುಗಳನ್ನು ಕಂಡುಹಿಡಿಯುವ ಮಾರ್ಗ ಅಲ್ಲಿಲ್ಲ. ಆದುದರಿಂದ ವ್ಯವಹಾರದಲ್ಲಿ ಎಣಿಸಬಹುದಾದ ವರ್ಷಗಳೊಂದೇ ಉಳಿದುಕೊಳ್ಳುತ್ತವೆ.

೩

ಪ್ರಾಧ್ಯಾಪಕರಲ್ಲದ ಮಹನೀಯರು ಹಿಂದೆ ಕುಲಪತಿಗಳಾಗಿದ್ದರೆಂಬ ವಾದವನ್ನು ಈಗ ಪರಿಶೀಲಿಸೋಣ. ೧೮೫೭ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದಾಗ ಅವು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಗಳಾಗಿದ್ದುವು; ಪಾಠ ಹೇಳುವುದು ಕಾಲೇಜುಗಳ ಕೆಲಸ. ಇಂಥ ಸಂಸ್ಥೆಯ ಉಪಕುಲಪತಿಗೆ ದಿನವೂ ಮಾಡಬೇಕಾದ ವಿದ್ಯಾಕಾರ್ಯವೇ ಇರಲಿಲ್ಲವೆನ್ನಬಹುದು. ಅದೊಂದು ಗೌರವಸ್ಥಾನ. ಕಲ್ಕತ್ತೆಯ ಮೊದಲ ಉಪಕುಲಪತಿ ಸರ್ ಜೇಮ್ಸ್ ಕಾಲ್ವಿಲ್ ನ್ಯಾಯಾಧೀಶರು. ೧೮೯೦ರಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರಾದ ಗುರುದಾಸ ಬ್ಯಾನರ್ಜಿಯವರೂ ನ್ಯಾಯಾಧೀಶರೇ. ನ್ಯಾಯಪೀಠದ ಕೆಲಸವನ್ನು ಮುಗಿಸಿ ಉಳಿದ ಹೊತ್ತಿನಲ್ಲಿ ನಿರ್ವಹಿಸಬಹುದಾಗಿದ್ದ ಆ ಕಾಲದ ಹುದ್ದೆಯನ್ನೂ ಇಂದಿನ ಕುಲಪತಿಯ ಹುದ್ದೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ವಿಶ್ವವಿದ್ಯಾನಿಲಯವು ತಾನೇ ಅಧ್ಯಾಪನವನ್ನೂ ಸಂಶೋಧನೆಯನ್ನೂ ಕೈಗೊಂಡಮೇಲೆ ಹುದ್ದೆಯ ಸ್ವರೂಪ ಬದಲಾಗಲೇಬೇಕಾಯಿತು. ಸರ್ ಮೈಕೆಲ್ ಸ್ಯಾಡ್ಲರ್ ಅವರ ನೇತೃತ್ವದ ಕಲ್ಕತ್ತಾ ಆಯೋಗವು ಪೂರ್ಣಕಾಲದ, ವೇತನಸಹಿತನಾದ ಉಪಕುಲಪತಿಯಿರಬೇಕೆಂದು ಶಿಫಾರಸು ಮಾಡಿದ್ದು ಈ ಕಾರಣದಿಂದಲೇ. ಸ್ಯಾಡ್ಲರ್ ಅವರು ಸ್ವತಃ ಲೀಡ್ಸ್ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು.

ಹಾಗಾದರೆ ಸರ್ ಆಶುತೋಷ ಮುಖರ್ಜಿಯವರ ವಿಚಾರವೇನು? ೧೯೦೬ರಿಂದ ೧೯೧೪ರವರೆಗೂ, ಮತ್ತೆ ೧೯೨೧ರಿಂದ ೧೯೨೩ರವರೆಗೂ ಕಲ್ಕತ್ತಾ ವಿಶ್ವವಿದ್ಯಾನಿಲಯವನ್ನು ನಡೆಸಿದ ಅವರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದರೆಂಬುದು ನಿಜ. ಆದರೆ ಅವರು ನ್ಯಾಯಾಧೀಶರಾಗಿದ್ದುದರಿಂದ ಮಹಾ ಕುಲಪತಿಗಳಾದರೆಂದು ತಿಳಿಯುವುದು ತಪ್ಪು. ಗಣಿತಶಾಸ್ತ್ರದಲ್ಲಿ ಪಾರಂಗತರಾಗಿ, ತಾರುಣ್ಯದಲ್ಲಿಯೇ ಆ ಶಾಸ್ತ್ರದಲ್ಲಿ ಸ್ವತಂತ್ರ ಲೇಖನಗಳನ್ನು ಪ್ರಕಟಿಸಿದವರು ಅವರು. ೧೮೮೯ರಿಂದಲೇ ಸೆನೇಟಿನಲ್ಲಿ ಕುಳಿತು ವಿಶ್ವವಿದ್ಯಾನಿಲಯದ ಒಳಹೊರಗುಗಳನ್ನು ಅರಿತವರು. ಇದೆಲ್ಲಕ್ಕಿಂತ ಮಿಗಿಲಾಗಿ, ಬೇರೊಬ್ಬರಲ್ಲಿರುವ ವಿದ್ಯೆಯನ್ನು ಗುರುತಿಸುವ ಕಣ್ಣು ಅವರಿಗಿತ್ತು. ಹಣಕಾಸು ಇಲಾಖೆಯಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದುಕೊಂಡು ಬಿಡುವಿನ ವೇಳೆಯಲ್ಲಿ ಭೌತವಿಜ್ಞಾನದ ಪ್ರಯೋಗಗಳನ್ನು ನಡೆಸುತ್ತಿದ್ದ ಚಂದ್ರಶೇಖರ ವೆಂಕಟರಾಮನ್ ಅವರನ್ನು ಪಾಲಿತ್ ಪೀಠಕ್ಕೆ ಕರೆತಂದವರು ಆಶುತೋಷರು. ರಾಮನ್ನರು ೧೯೧೭ರಲ್ಲಿ ಆ ಪೀಠವನ್ನು ವಹಿಸಿಕೊಂಡರು. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಆ ಆಯ್ಕೆಯ ಔಚಿತ್ಯ ಲೋಕಕ್ಕೇ ತಿಳಿಯಿತು. ಹುದ್ದೆಯನ್ನು ಹುದ್ದೆಯಿಂದಲೇ ಅಳೆಯುವ ಇಂದಿನ ಪದ್ಧತಿ ಅಂದು ಇದ್ದಿದ್ದರೆ, ಆರಿಸಿದವರೂ ಅನರ್ಹರು, ಆರಿಸಲ್ಪಟ್ಟವರೂ ಅನರ್ಹರು!

ಈ ಸಂದರ್ಭದಲ್ಲಿ ಕಲ್ಕತ್ತೆಗೂ ಮೈಸೂರಿಗೂ ನಡುವೆ ನಡೆದ ಒಂದು ವಿನಿಮಯವನ್ನು ನೆನೆಯಬೇಕು. ದೇಶೀಯ ಸಂಸ್ಥಾನಗಳಲ್ಲಿ ಮೊದಲನೆಯದಾಗಿ ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. ಅವರ ತರುವಾಯ ಬಂದವರು ಬ್ರಜೇಂದ್ರನಾಥ ಸೀಲರು. ಪ್ರಾಚೀನ ಹಿಂದೂಗಳ ವಿಜ್ಞಾನವನ್ನು ಕುರಿತು ೧೯೧೫ರಲ್ಲಿ ಮಹತ್ತ್ವದ ಗ್ರಂಥವನ್ನು ಪ್ರಕಟಿಸಿದ್ದ ಸೀಲರು ಕಲ್ಕತ್ತೆಯಲ್ಲಿ ಐದನೆಯ ಜಾರ್ಜ್ ದೊರೆಯ ಹೆಸರಿನ ದರ್ಶನಪೀಠದಲ್ಲಿದ್ದವರು. ಅವರು ಮೈಸೂರಿಗೆ ಬಂದಾಗ ತೆರವಾದ ಆ ಪೀಠಕ್ಕೆ ಆಶುತೋಷರು ಯಾರನ್ನು ಕರೆದರು? ೧೯೧೮ರಿಂದ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ, ಇನ್ನೂ ತರುಣರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರನ್ನು. ೧೯೨೧ರಲ್ಲಿ ಮೈಸೂರು ಕಲ್ಕತ್ತೆಯಿಂದ ಒಬ್ಬ ಉಪಕುಲಪತಿಯನ್ನು ಪಡೆಯಿತು, ಕಲ್ಕತ್ತೆ ಮೈಸೂರಿನಿಂದ ಒಬ್ಬ ಪ್ರಾಧ್ಯಾಪಕರನ್ನು ಪಡೆಯಿತು; ಎರಡೂ ಕಡೆ ವಿದ್ಯೆಯೇ ವಿದ್ಯೆಯನ್ನು ಗುರುತಿಸಿತು. ಸೀಲರು ಮೈಸೂರಿಗೆ ಬಂದಾಗ ಕಲ್ಕತ್ತೆಯ ಆ ಪೀಠವೇ ಸ್ಥಾಪಿತವಾಗಿ ಹತ್ತು ವರ್ಷ ತುಂಬಿರಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ಅದಕ್ಕೆ ಮುನ್ನ ಅವರು ಕೂಚ್‍ಬಿಹಾರದ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ನಿಯಮದ ಅಕ್ಷರವನ್ನೇ ಹಿಡಿದು ಹೊರಟರೆ ಸೀಲರ ಅರ್ಹತೆಯೂ ವಾದಗ್ರಸ್ತವಾಗುತ್ತಿತ್ತು.

ನಂಜುಂಡಯ್ಯನವರನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಅವರು ಮೈಸೂರು ಸಂಸ್ಥಾನದ ಉನ್ನತ ನ್ಯಾಯಾಧಿಕಾರಿಗಳೂ ಆಡಳಿತಗಾರರೂ ಆಗಿದ್ದರು. ಆದರೆ ಮೈಸೂರಿನ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತ ಬೃಹತ್ ಅಧ್ಯಯನವನ್ನು ಆರಂಭಿಸಿದವರೂ, ಕನ್ನಡದಲ್ಲಿ ಅರ್ಥಶಾಸ್ತ್ರವನ್ನು ಕುರಿತು ಬರೆದವರೂ, ೧೯೧೫ರಲ್ಲಿ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರೂ ಅವರೇ. ಆಡಳಿತದಲ್ಲಿ ಹಿರಿಯ ಸ್ಥಾನದಲ್ಲಿದ್ದವರೊಬ್ಬರು ವಿಶ್ವವಿದ್ಯಾನಿಲಯವನ್ನು ಚೆನ್ನಾಗಿ ನಡೆಸಿದರೆಂಬುದಕ್ಕೆ ಅವರು ನಿದರ್ಶನವಲ್ಲ. ವಿದ್ವಾಂಸರೊಬ್ಬರು ಆಡಳಿತದಲ್ಲಿಯೂ ಇದ್ದರೆಂಬುದಕ್ಕೆ ಅವರು ನಿದರ್ಶನ. ಈ ಭೇದವನ್ನು ಮರೆತು, ೨೦೨೫ರ ಕರಡಿನ ಸಮರ್ಥನೆಗಾಗಿ ಈ ಹಿರಿಯರ ಹೆಸರುಗಳನ್ನು ಬಳಸುವುದು ಅವರಿಗೆ ಮಾಡುವ ಅನ್ಯಾಯ.

೪

ಇಷ್ಟರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಅರ್ಹತೆಯನ್ನು ಕಾರ್ಯದಿಂದ ನಿರ್ಣಯಿಸಬೇಕೇ ಹೊರತು ಪೂರ್ವಪದವಿಯಿಂದಲ್ಲ. ಹಾಗಾದರೆ ಕುಲಪತಿಯಾದವರು ಮಾಡಬೇಕಾದ, ಬೇರೆ ಯಾರೂ ಮಾಡಲಾರದ ಕಾರ್ಯ ಯಾವುದು? ಲೆಕ್ಕಪತ್ರಗಳಿಗೆ ಹಣಕಾಸು ಅಧಿಕಾರಿಗಳಿದ್ದಾರೆ; ದಾಖಲೆಗಳಿಗೆ ಕುಲಸಚಿವರಿದ್ದಾರೆ; ಪರೀಕ್ಷೆಗಳಿಗೆ ಪರೀಕ್ಷಾಂಗ ಕುಲಸಚಿವರಿದ್ದಾರೆ; ಒಂದೊಂದು ಶಾಸ್ತ್ರದ ಪಠ್ಯಕ್ರಮಕ್ಕೂ ಅಧ್ಯಯನ ಮಂಡಲಿಯುಂಟು. ಆದರೆ ಸಂಸ್ಕೃತವೂ ರಸಾಯನವೂ ಅರ್ಥಶಾಸ್ತ್ರವೂ ಒಂದೇ ಸಂಸ್ಥೆಯ ಅಂಗಗಳೆಂದು ಕಂಡು, ತಮ್ಮದಲ್ಲದ ಶಾಸ್ತ್ರದಲ್ಲಿಯೂ ಸತ್ತ್ವ ಯಾವುದು, ಜೊಳ್ಳು ಯಾವುದು ಎಂದು ವಿವೇಚಿಸಿ, ಅಧ್ಯಾಪಕರ ಆಯ್ಕೆಯಲ್ಲಿ ಆ ವಿವೇಚನೆಯನ್ನು ನಡೆಸುವ ಹೊಣೆ ಕುಲಪತಿಯೊಬ್ಬರದೇ. ಅಧ್ಯಾಪಕರ ಆಯ್ಕೆಸಮಿತಿಯ ಅಧ್ಯಕ್ಷಸ್ಥಾನ ಅವರಿಗೆ ಸಲ್ಲುವುದೂ ಇದಕ್ಕಾಗಿಯೇ. ಕಟ್ಟಡವೊಂದು ತಪ್ಪಾಗಿ ಎದ್ದರೆ ಅದನ್ನು ಕೆಡವಿ ಕಟ್ಟಬಹುದು. ಅಧ್ಯಾಪಕರ ಆಯ್ಕೆಯಲ್ಲಿ ತಪ್ಪಿದರೆ ಮೂವತ್ತು ವರ್ಷಗಳ ವಿದ್ಯಾರ್ಥಿಗಳು ಅದರ ಫಲವನ್ನು ಉಣ್ಣಬೇಕಾಗುತ್ತದೆ. ಆದುದರಿಂದ ವಿವೇಚನೆಯೇ ಕುಲಪತಿಯ ಮೊದಲ ಅರ್ಹತೆ. ತಾನು ಸ್ವತಃ ಒಂದು ಶಾಸ್ತ್ರದಲ್ಲಿ ಆಳಕ್ಕೆ ಇಳಿಯದವರಿಗೆ ಇನ್ನೊಂದು ಶಾಸ್ತ್ರದ ಆಳ ಗೊತ್ತಾಗುವುದು ದುರ್ಲಭ. ವಿದ್ವತ್ತು ಬೇಕೆನ್ನುವುದು ಪ್ರತಿಷ್ಠೆಗಾಗಿ ಅಲ್ಲ, ಈ ಕಾರ್ಯಕ್ಕಾಗಿ.

ದುರದೃಷ್ಟವಶಾತ್, ಈ ಕಾರ್ಯಕ್ಕೆ ಉಳಿಯುವ ಕಾಲವೇ ಕಡಿಮೆಯಾಗುತ್ತಿದೆ. ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಆಧಾರವಾಗಿದ್ದುವು ಎರಡು ಕಾಲೇಜುಗಳು: ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಲ್ಲಿನ ಅಧ್ಯಾಪಕರನ್ನು ಉಪಕುಲಪತಿಗಳು ಮುಖತಃ ಬಲ್ಲವರಾಗಿರುವುದು ಸಾಧ್ಯವಿತ್ತು. ಆಮೇಲೆ ಸಂಯೋಜಿತ ಕಾಲೇಜುಗಳು ನೂರುಗಟ್ಟಲೆ ಬೆಳೆದುವು. ಬೆಂಗಳೂರು ವಿಶ್ವವಿದ್ಯಾನಿಲಯದ ಭಾರವು ತಡೆಯಲಾರದಷ್ಟಾಗಿ ಅದನ್ನು ಮೂರಾಗಿ ವಿಭಜಿಸಬೇಕಾಯಿತು. ಸಂಯೋಜನೆಯ ಅರ್ಜಿಗಳು, ಪರೀಕ್ಷೆಯ ತಕರಾರುಗಳು, ನ್ಯಾಯಾಲಯದ ದಾವೆಗಳು, ನಿವೃತ್ತಿವೇತನದ ಕಡತಗಳು, ಸರ್ಕಾರದ ಸಭೆಗಳು ಇವುಗಳ ನಡುವೆ ಪ್ರಧಾನ ಕಾರ್ಯನಿರ್ವಾಹಕರು ಪ್ರಧಾನ ವಿದ್ಯಾಧಿಕಾರಿಯನ್ನು ನುಂಗಿಬಿಡುತ್ತಾರೆ. ಇದನ್ನು ಕಂಡವರು, ಹೇಗಿದ್ದರೂ ಕೆಲಸ ಆಡಳಿತದ್ದೇ ಆದುದರಿಂದ ಆಡಳಿತಗಾರರೇ ಬರಲಿ ಎಂದು ಹೇಳುತ್ತಾರೆ. ಈ ತರ್ಕವು ಮೇಲ್ನೋಟಕ್ಕೆ ಸಮಂಜಸವಾಗಿ ತೋರಿದರೂ ಅದರಲ್ಲಿ ದೊಡ್ಡ ದೋಷವಿದೆ. ರೋಗದ ಲಕ್ಷಣವನ್ನೇ ಅದು ಆರೋಗ್ಯದ ಅಳತೆಯೆಂದು ಎಣಿಸುತ್ತದೆ. ಹುದ್ದೆಯು ತನ್ನ ಕಾರ್ಯವನ್ನು ಕಳೆದುಕೊಂಡಿದ್ದರೆ ಕಾರ್ಯವನ್ನು ಮರಳಿ ಕೊಡಬೇಕು; ಕಾರ್ಯವಿಲ್ಲದ ಹುದ್ದೆಗೆ ತಕ್ಕವರನ್ನು ಹುಡುಕುವುದಲ್ಲ.

ಪೋಷಣೆಯನ್ನೂ ಅಧ್ಯಾಪನವನ್ನೂ ಬೇರೆಬೇರೆಯಾಗಿ ಎಣಿಸಿಕೊಂಡು ನಡೆದ ವಿದ್ಯಾಸ್ಥಾನಗಳು ನಮ್ಮ ನಾಡಿನ ಶಾಸನಗಳಲ್ಲಿಯೇ ಕಾಣಸಿಗುತ್ತವೆ. ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನವು ಕಲ್ಯಾಣ ಚಾಳುಕ್ಯರ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿನ ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯನ್ನು ವಿವರಿಸುತ್ತದೆ. ವೇದವನ್ನು ಓದುವ ೨೦೦ ಮಂದಿ ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಗಳು, ವೇದಕ್ಕೂ ಶಾಸ್ತ್ರಕ್ಕೂ ಮೂವರು ಮೂವರಂತೆ ಉಪಾಧ್ಯಾಯರು, ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು, ಹೀಗೆ ಒಬ್ಬೊಬ್ಬರ ಪಾಲೂ ಅಲ್ಲಿ ಗೊತ್ತಾಗಿದೆ. ಪೋಷಣೆಯ ಏರ್ಪಾಟು ದಂಡನಾಯಕನದು, ಅಧ್ಯಾಪನ ಉಪಾಧ್ಯಾಯರದು. ಹನ್ನೊಂದನೆಯ ಶತಮಾನದ ವ್ಯವಸ್ಥೆಯನ್ನು ಇಪ್ಪತ್ತೊಂದನೆಯ ಶತಮಾನಕ್ಕೆ ಎತ್ತಿಕೊಂಡು ಬರಬೇಕೆಂದು ನಾವು ಹೇಳುವುದಿಲ್ಲ. ಪದವಿಪ್ರದಾನದ ಸಮಾರಂಭಕ್ಕೆ ಘಟಿಕೋತ್ಸವವೆಂಬ ಹೆಸರನ್ನು ಆ ವಿದ್ಯಾಸ್ಥಾನಗಳಿಂದ ಎರವಲು ಪಡೆದ ನಾವು, ಅಲ್ಲಿನ ಕಾರ್ಯವಿಭಾಗದ ವಿವೇಕವನ್ನೂ ಒಂದಿಷ್ಟು ಪಡೆಯಬಹುದಿತ್ತೆಂಬುದಷ್ಟೇ ನಮ್ಮ ಅಭಿಪ್ರಾಯ.

೫

ವಿವೇಚನೆಯು ಮೊದಲ ಅರ್ಹತೆಯಾದರೆ ಎರಡನೆಯದು ಅದನ್ನು ಒತ್ತಡದ ನಡುವೆ ಉಳಿಸಿಕೊಳ್ಳುವ ಸ್ಥೈರ್ಯ. ಯಾರು ಯೋಗ್ಯರೆಂದು ಬಲ್ಲವರು ಅನೇಕರಿರಬಹುದು. ಅಯೋಗ್ಯರನ್ನು ತಂದು ನಿಲ್ಲಿಸಿದ ಬಲಾಢ್ಯರ ಎದುರು ಆಗದೆಂದು ಹೇಳಬಲ್ಲವರು ವಿರಳ. ಬಂಗಾಳದ ಗವರ್ನರರೂ ಕುಲಪತಿಗಳೂ ಆಗಿದ್ದ ಲಿಟ್ಟನ್ ಪ್ರಭುಗಳು ೧೯೨೩ರಲ್ಲಿ, ಸರ್ಕಾರದ ನೀತಿಗೆ ಅನುಕೂಲವಾಗಿ ನಡೆಯುವುದಾದರೆ ಅಧಿಕಾರಾವಧಿಯನ್ನು ಮುಂದುವರಿಸುವುದಾಗಿ ಸೂಚಿಸಿದಾಗ, ಆಶುತೋಷರು ಅದನ್ನು ನಿರಾಕರಿಸಿ ಹೊರಬಂದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ಮುಂದೆ ಆಂಧ್ರ ವಿಶ್ವವಿದ್ಯಾನಿಲಯದ ಸ್ಥಾಪಕ ಉಪಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಕಾನೂನುಭಂಗ ಚಳವಳಿಯ ಕಾಲದಲ್ಲಿ ಸರ್ಕಾರದ ದಮನನೀತಿಯನ್ನು ಪ್ರತಿಭಟಿಸಿ ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತರು. ಇಂಥ ಗುಣವನ್ನು ಯಾವ ನಿಯಮದ ಕಲಮಿನಲ್ಲಿ ಬರೆದಿಡಲು ಸಾಧ್ಯ? ಆದರೆ ಅದು ಮೊಳೆಯುವುದಕ್ಕೆ ಬೇಕಾದ ಸನ್ನಿವೇಶವನ್ನು ನಿಯಮವು ಕಲ್ಪಿಸಬಹುದು, ಅಥವಾ ಕೆಡಿಸಬಹುದು.

ಆದಕಾರಣ ಅರ್ಹತೆಯ ಪ್ರಶ್ನೆಯಿಂದ ಆಯ್ಕೆಯ ಪ್ರಶ್ನೆಯನ್ನು ಬೇರ್ಪಡಿಸಲಾಗದು. ರಾಧಾಕೃಷ್ಣನ್ ಆಯೋಗವು ಈ ವಿಷಯದಲ್ಲಿ ಮಾಡಿದ ಶಿಫಾರಸು ಇಂದಿನವರಿಗೆ ಆಶ್ಚರ್ಯವನ್ನುಂಟುಮಾಡೀತು. ವಿಶ್ವವಿದ್ಯಾನಿಲಯದ ಕಾರ್ಯಕಾರಿ ಮಂಡಲಿಯೇ ಒಂದು ಹೆಸರನ್ನು ಕಳುಹಿಸಬೇಕು, ಮೇಲಿನ ಅಧಿಕಾರಿಯು ಅದನ್ನು ಒಪ್ಪಬಹುದು ಇಲ್ಲವೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಆದರೆ ತಾನಾಗಿ ಬೇರೆ ಹೆಸರನ್ನು ಸೂಚಿಸಬಾರದು ಎಂಬುದು ಅದರ ಭಾವ. ಒಂದೇ ಹೆಸರೆಂಬುದು ಅಂದು ಸ್ವಾಯತ್ತತೆಯ ರಕ್ಷಣೆಯಾಗಿತ್ತು. ೨೦೨೨ರ ವೇಳೆಗೆ ಅದೇ ಒಂದು ಹೆಸರು ನಿಯಮೋಲ್ಲಂಘನೆಯಾಯಿತು. ಇಲ್ಲಿ ನ್ಯಾಯಾಲಯವನ್ನು ಆಕ್ಷೇಪಿಸುವುದಕ್ಕೆ ಏನೂ ಇಲ್ಲ. ತನ್ನ ಮುಂದಿದ್ದ ನಿಯಮವನ್ನು ಅದು ಅನ್ವಯಿಸಿತು. ಮಾರ್ಪಟ್ಟದ್ದು ಆರಿಸುವ ಶಕ್ತಿಯ ನೆಲೆ. ಹೆಸರುಗಳ ಪಟ್ಟಿ ಉದ್ದವಾದಂತೆಲ್ಲ, ಪಟ್ಟಿಯನ್ನು ಮಾಡಿದ ವಿದ್ವಾಂಸರ ವಿವೇಚನೆ ಕುಗ್ಗಿ, ಅದರಿಂದ ಒಬ್ಬರನ್ನು ಎತ್ತಿಕೊಳ್ಳುವ ಅಧಿಕಾರದ ವಿವೇಚನೆ ಹಿಗ್ಗುತ್ತದೆ. ಕರ್ನಾಟಕದ ೨೦೦೦ನೆಯ ಇಸವಿಯ ವಿಶ್ವವಿದ್ಯಾನಿಲಯಗಳ ಅಧಿನಿಯಮದಲ್ಲಿ ಕುಲಾಧಿಪತಿಗಳ ನೇಮಕಾಧಿಕಾರಕ್ಕೆ ರಾಜ್ಯಸರ್ಕಾರದ ಸಹಮತಿಯೂ ಬೇಕು. ೨೦೨೫ರ ಕರಡಿನಲ್ಲಿ ಶೋಧನಾ ಸಮಿತಿಯ ಅಧ್ಯಕ್ಷರನ್ನು ಕುಲಾಧಿಪತಿಗಳು ನಾಮಕರಣ ಮಾಡುತ್ತಾರೆ, ಒಬ್ಬ ಸದಸ್ಯರನ್ನು ಧನಸಹಾಯ ಆಯೋಗದ ಅಧ್ಯಕ್ಷರು, ಇನ್ನೊಬ್ಬರನ್ನು ವಿಶ್ವವಿದ್ಯಾನಿಲಯ. ಕೇಂದ್ರಕ್ಕೂ ರಾಜ್ಯಕ್ಕೂ ನಡುವಿನ ಹಗ್ಗಜಗ್ಗಾಟದಲ್ಲಿ ಯಾರ ಕೈ ಮೇಲಾಗಬೇಕೆಂಬುದನ್ನು ಕುರಿತು ಬಹಳ ಮಾತು ಕೇಳಿಬಂದಿತು. ಮೂವರಲ್ಲಿ ಒಬ್ಬರು ಮಾತ್ರ ವಿಶ್ವವಿದ್ಯಾನಿಲಯದ ಪರವಾಗಿ ಬರುವರೆಂಬುದನ್ನು ಕುರಿತು ಅಷ್ಟು ಮಾತು ಕೇಳಿಬರಲಿಲ್ಲ.

ಇನ್ನು ಅಧಿಕಾರಾವಧಿ. ರಾಧಾಕೃಷ್ಣನ್ ಆಯೋಗದ ಸದಸ್ಯರಾಗಿದ್ದ ಲಕ್ಷ್ಮಣಸ್ವಾಮಿ ಮೊದಲಿಯಾರರು ಮದರಾಸಿನ ಉಪಕುಲಪತಿಗಳಾಗಿ ೧೯೪೨ರಿಂದ ೧೯೬೯ರವರೆಗೆ ಇಪ್ಪತ್ತೇಳು ವರ್ಷ ಇದ್ದರು. ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾನ‌ಿಲಯವನ್ನು ೧೯೫೪ರಿಂದ ೧೯೬೭ರವರೆಗೆ ಹದಿಮೂರು ವರ್ಷ ನಡೆಸಿ, ಅದಕ್ಕೆ ನೆಲೆಯನ್ನೂ ರೂಪವನ್ನೂ ಕೊಟ್ಟರು. ಮೈಸೂರಿನಲ್ಲಿ ಕೆ. ವಿ. ಪುಟ್ಟಪ್ಪನವರು ಇದ್ದದ್ದು ೧೯೫೬ರಿಂದ ೧೯೬೦ರವರೆಗೆ ಮಾತ್ರ. ಆ ಅಲ್ಪಾವಧಿಯಲ್ಲಿಯೇ ಮಾನಸಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ ರೂಪುಗೊಂಡಿತು. ಆದರೆ ಅವರು ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಅಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಬಂದವರು. ಸಂಸ್ಥೆಯನ್ನು ಅರಿಯುವುದಕ್ಕಾಗಿ ಅವರು ಕಾಲವನ್ನು ವ್ಯಯಮಾಡಬೇಕಾಗಿರಲಿಲ್ಲ. ಹೊರಗಿನಿಂದ ಬಂದವರಿಗೆ ನಾಲ್ಕು ವರ್ಷಗಳಲ್ಲಿ ಒಂದು ವರ್ಷ ತಿಳಿಯುವುದಕ್ಕೂ, ಕಡೆಯ ವರ್ಷ ಮುಂದಿನ ನೇಮಕದ ಯೋಚನೆಗೂ ಹೋಗುವುದಾದರೆ, ಉಳಿಯುವುದೆಷ್ಟು? ಇಪ್ಪತ್ತೇಳು ವರ್ಷಗಳ ಅಧಿಕಾರವನ್ನು ನಾವು ಆದರ್ಶವೆಂದು ಎತ್ತಿಹಿಡಿಯುವುದಿಲ್ಲ. ಅದರಲ್ಲಿ ಬೇರೆ ಅಪಾಯಗಳುಂಟು. ಆದರೆ ಅವಧಿ ಮುಗಿದ ಮೇಲೆ ಪುನರ್ನೇಮಕಕ್ಕಾಗಿಯೋ ಬೇರೊಂದು ಹುದ್ದೆಗಾಗಿಯೋ ಅಧಿಕಾರಸ್ಥರ ಮುಖವನ್ನು ನೋಡಬೇಕಾದವರಿಂದ ಸ್ಥೈರ್ಯವನ್ನು ನಿರೀಕ್ಷಿಸುವುದು ಕಷ್ಟವೆಂಬುದನ್ನು ಯಾರೂ ಅಲ್ಲಗಳೆಯಲಾರರು.

೬

ನಮ್ಮ ವಿಚಾರದ ಫಲಿತಾಂಶವನ್ನು ಸಂಗ್ರಹಿಸಿ ಹೇಳುವುದಾದರೆ: ಕುಲಪತಿಯ ಅರ್ಹತೆ ಎರಡು, ವಿದ್ಯಾವಿವೇಚನೆ ಮತ್ತು ಸ್ಥೈರ್ಯ. ಇವೆರಡನ್ನೂ ಹುದ್ದೆಯ ವರ್ಷಗಳಿಂದ ಅಳೆಯಲಾಗದು. ಆದರೆ ಅವು ಅಳತೆಗೆ ಸಿಕ್ಕದ ಗುಣಗಳೇನೂ ಅಲ್ಲ. ಒಬ್ಬರು ಏನು ಬರೆದಿದ್ದಾರೆ, ಅವರ ಕೈಕೆಳಗೆ ಯಾರು ಬೆಳೆದರು, ಆಯ್ಕೆಸಮಿತಿಗಳಲ್ಲಿ ಕುಳಿತಾಗ ಅವರು ಎಂಥವರನ್ನು ಆರಿಸಿದರು, ಆರಿಸಲ್ಪಟ್ಟವರು ಆಮೇಲೆ ಏನನ್ನು ಸಾಧಿಸಿದರು, ಯಾವ ಸಂದರ್ಭದಲ್ಲಿ ಅವರು ಬಲಾಢ್ಯರಿಗೆ ಒಪ್ಪಿಗೆಯಿಲ್ಲವೆಂದು ಹೇಳಿದರು, ಇವೆಲ್ಲವೂ ವಿಚಾರಿಸಿದರೆ ತಿಳಿಯತಕ್ಕ ಸಂಗತಿಗಳು. ಶೋಧನಾ ಸಮಿತಿಯು ಕೇವಲ ಹೆಸರುಗಳನ್ನು ಕಳುಹಿಸದೆ, ಒಂದೊಂದು ಹೆಸರಿಗೂ ಈ ಸಂಗತಿಗಳನ್ನು ಕುರಿತು ಕಾರಣಸಹಿತವಾದ ವರದಿಯನ್ನು ಬರೆದು, ನೇಮಕವಾದ ಬಳಿಕ ಅದನ್ನು ಪ್ರಕಟಿಸಬೇಕೆಂದು ವಿಧಿಸಿದರೆ, ಹತ್ತು ವರ್ಷದ ಕಲಮಿಗಿಂತ ಹೆಚ್ಚಿನ ರಕ್ಷಣೆ ದೊರೆತೀತು. ಬರೆದು ಪ್ರಕಟಿಸಬೇಕಾದಾಗ ಸಮಿತಿಯ ಸದಸ್ಯರೂ ತಮ್ಮ ವಿದ್ವತ್ತಿನ ಗೌರವವನ್ನು ಪಣವಾಗಿ ಒಡ್ಡಬೇಕಾಗುತ್ತದೆ. ಸಮಿತಿಯಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತು ಆರಿಸಿದ ಹೊರಗಿನ ವಿದ್ವಾಂಸರು ಬಹುಸಂಖ್ಯೆಯಲ್ಲಿರಬೇಕು. ಅವಧಿಯು ಆರು ವರ್ಷಗಳಷ್ಟಾದರೂ ಇದ್ದು, ಪುನರ್ನೇಮಕವಿಲ್ಲದಿರಬೇಕು. ಕುಲಸಚಿವರ ಕಚೇರಿಯನ್ನು ಬಲಪಡಿಸಿ ಸಂಯೋಜನೆ ಮತ್ತು ದಾವೆಗಳ ಭಾರವನ್ನು ಅಲ್ಲಿಗೆ ವರ್ಗಾಯಿಸಬೇಕು. ಅಧ್ಯಾಪಕರ ಆಯ್ಕೆಯ ಹೊಣೆಯನ್ನು ಮಾತ್ರ ಕುಲಪತಿಗಳು ಯಾರಿಗೂ ವಹಿಸಬಾರದು.

ಹೀಗೆ ಮಾಡಿದರೆ ಪ್ರಾಧ್ಯಾಪಕರಲ್ಲದವರಿಗೆ ಬಾಗಿಲು ಮುಚ್ಚಬೇಕಾದ ಅಗತ್ಯವೂ ಇರುವುದಿಲ್ಲ, ಹಿರಿಯ ಹುದ್ದೆಯಲ್ಲಿದ್ದರೆಂಬುದಕ್ಕಾಗಿ ಯಾರಿಗೂ ಬಾಗಿಲು ತೆರೆಯಬೇಕಾಗಿಯೂ ಇರುವುದಿಲ್ಲ. ಬೇರೆ ಕ್ಷೇತ್ರಗಳಿಂದ ನಿವೃತ್ತರಾದವರನ್ನು ಈ ಸ್ಥಾನಕ್ಕೆ ತರುವುದು ಸಾಮಾನ್ಯವಾಗಿ ಉಚಿತವಲ್ಲವೆಂದು ಕೊಠಾರಿ ಆಯೋಗವು ಅಭಿಪ್ರಾಯಪಟ್ಟಿತ್ತು. ಆ ಎಚ್ಚರಿಕೆ ಇಂದಿಗೂ ಮಾನ್ಯವಾದದ್ದೇ. ನಂಜುಂಡಯ್ಯನವರಂಥವರು ಮತ್ತೊಮ್ಮೆ ದೊರೆತರೆ ಕಾರಣಸಹಿತವಾದ ವರದಿಯು ಅವರನ್ನು ಗುರುತಿಸದಿರದು; ಬರಿಯ ಅಧಿಕಾರವುಳ್ಳವರು ಬಂದರೆ ವರದಿಯಲ್ಲಿ ಬರೆಯುವುದಕ್ಕೆ ಏನೂ ಇರದು.

ಈ ಪ್ರಶ್ನೆಯು ಕುಲಪತಿಯಾಗಲು ಬಯಸುವ ಕೆಲವರಿಗೆ ಮಾತ್ರ ಸಂಬಂಧಿಸಿದ್ದೆಂದು ಅಧ್ಯಾಪಕರಲ್ಲಿ ಅನೇಕರು ಭಾವಿಸಿ ಸುಮ್ಮನಿರುವುದುಂಟು. ಇಂದು ಎಂ.ಎ. ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗೆ ನಾಳೆ ಯಾರು ಪಾಠ ಹೇಳುವರೆಂಬುದು ಆಯ್ಕೆಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಆ ಸಮಿತಿಯ ಅಧ್ಯಕ್ಷಪೀಠದಲ್ಲಿ ಯಾರು ಕೂರುವರೆಂಬುದೇ ನಾವು ಇಲ್ಲಿ ವಿಮರ್ಶಿಸಿದ ವಿಷಯ. ವಿದ್ವಜ್ಜನರು ಈ ದೃಷ್ಟಿಯಿಂದ ನಿಯಮಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ನಮ್ಮ ವಿಜ್ಞಾಪನೆ.